ಬಹಾರುಮನ ಹೆಸರಿನ ಗಾಡಿ

ಸತ್ತು ನಾಲ್ಕು ವರ್ಷವಾದ ಗಂಡನನ್ನು ನಾಳೆ ಬೆಳಿಗ್ಗೆ ಪೊಲೀಸ್ ಠಾಣೆಗೆ ಕರೆದುಕೊಂಡು ಬರುತ್ತೇನೆ ಎಂದು ರುಕಿಯಾ ಒಪ್ಪಿಕೊಂಡುಬಿಟ್ಟಿದ್ದಳು.

ಒಪ್ಪಿಕೊಳ್ಳದೆ ಇನ್ನೇನು ಮಾಡಿಯಾಳು? ಎದುರಿಗೆ ನಿಂತವನು ಪೊಲೀಸಿನವನು. ಅವನ ಬೆನ್ನ ಹಿಂದೆ ನಡುರಸ್ತೆಯಲ್ಲಿ ಒಬ್ಬ ಹುಡುಗ ಅಂಗಾತ ಬಿದ್ದಿದ್ದ. ಆಂಬುಲೆನ್ಸಿನವರು ಅವನ ಕಾಲಿಗೆ ಹಲಗೆ ಕಟ್ಟುತ್ತಿದ್ದರೆ ಅವನು ಅಮ್ಮಾ ಅಮ್ಮಾ ಎಂದು ಕಿರುಚುತ್ತಿದ್ದ. ಅವನ ಬೈಕು ಚರಂಡಿಗೆ ಮೂತಿಯಿಟ್ಟು ಬಿದ್ದಿತ್ತು. ಮನೆಮನೆಗೆ ಊಟ ತಲುಪಿಸುವ ಹುಡುಗನಿರಬೇಕು. ಬಾಳೆಯೆಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು ರಸ್ತೆ ತುಂಬ ಚೆಲ್ಲಿದ್ದವು, ಕಾಗೆಗಳು ಆಗಲೇ ಸುದ್ದಿ ತಿಳಿದು ಬಂದಿದ್ದವು. ರುಕಿಯಾಳ ನೀಲಿ ಸಾಗಾ ಕಾರಿನ ಎಡಗಡೆಯ ದೀಪ ಒಡೆದು, ಬಂಪರ್ ಒಂದು ಕಡೆ ಜೋತುಬಿದ್ದಿತ್ತು. ಅವಳ ಊರಾದ ತೈಪಿಂಗಿನಲ್ಲಿ ಮಳೆ ಬಾರದ ದಿನವೇ ಅಪರೂಪ, ಅವತ್ತು ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಆದರೂ ಕಾರಿನ ವೈಪರ್ ಒಣ ಗಾಜನ್ನು ಕರ್ ಕರ್ ಎಂದು ಉಜ್ಜುತ್ತಲೇ ಇತ್ತು. ಯಾರೋ ಪುಣ್ಯಾತ್ಮರು ಒಳಗೆ ಕೈಹಾಕಿ ಅದನ್ನು ನಿಲ್ಲಿಸಿದರು.

"ಮಕ್ ಚಿಕ್, ಗಾಡಿ ಯಾರ ಹೆಸ್ರಲ್ಲಿದೆ?" ಎಂದು ಪೊಲೀಸಿನವನು ಚಿಕ್ಕಮ್ಮನನ್ನು ಕರೆಯುವ ಮರ್ಯಾದೆಯಲ್ಲಿ ಕೇಳಿದ.

"ನಮ್ಮ ಯಜಮಾನ್ರ ಹೆಸ್ರಲ್ಲಿ."

"ಎಲ್ಲಿದಾರೆ ಅವ್ರು?"

"ಮನೇಲಿ."

ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ನಾಲಿಗೆಗೆ ನಾಲ್ಕು ವರ್ಷದ ಅಭ್ಯಾಸ, ತಾನೇ ಆಡಿಬಿಟ್ಟಿತು.

"ಸರಿ. ನಾಳೆ ಬೆಳಿಗ್ಗೆಯೊಳಗೆ ಠಾಣೆಗೆ ಬಂದು ರಿಪೋರ್ಟ್ ಕೊಡ್ಬೇಕು. ಯಜಮಾನ್ರನ್ನೂ ಕರ್ಕೊಂಡು ಬನ್ನಿ. ಅವ್ರ ಗುರುತಿನ ಕಾರ್ಡು, ಇನ್ಶೂರೆನ್ಸು, ಎಲ್ಲಾ ಇರ್ಲಿ."

"ಆಗ್ಲಪ್ಪಾ," ಎಂದಳು ರುಕಿಯಾ.

ಇಷ್ಟು ಕೇಳಿ ರುಕಿಯಾ ಭಾರೀ ವಂಚಕಿ ಎಂದುಕೊಂಡುಬಿಡಬೇಡಿ. ಅವಳ ಓಣಿಯಲ್ಲಿ ಹುಡುಕಿದರೆ ಸತ್ತ ಗಂಡಂದಿರ ಹೆಸರಿನಲ್ಲಿ ಓಡುವ ಗಾಡಿಗಳು ಇನ್ನೂ ಸಿಕ್ಕಾವು. ಎಲ್ಲದರ ಮೂಲ ಆ ಹಾಳು ರಿಯಾಯಿತಿ. ಒಂದು ವರ್ಷ ಅಪಘಾತವಿಲ್ಲದೆ, ವಿಮೆಯವರನ್ನು ದುಡ್ಡು ಕೇಳದೆ ಗಾಡಿ ಓಡಿಸಿದರೆ ಮರುವರ್ಷದ ಕಂತಿನಲ್ಲಿ ಒಂದಿಷ್ಟು ಇಳಿಸುತ್ತಾರೆ. ಹಾಗೆ ವರ್ಷ ವರ್ಷ ಇಳಿದು ಇಳಿದು ನೂರಕ್ಕೆ ಐವತ್ತೈದರಷ್ಟು ರಿಯಾಯಿತಿಗೆ ಮುಟ್ಟಿದರೆ ಅದೇ ಶಿಖರ. ಅವಳ ಗಂಡ ಬಹಾರುಮ್ ಆ ಶಿಖರ ಹತ್ತಿ ಕೂತವನು ಸಾಯುವ ತನಕ ಇಳಿಯಲಿಲ್ಲ. ಒಮ್ಮೆ ಪಕ್ಕದ ಮನೆಯ ಮರದಿಂದ ಹಲಸಿನಂಥ ಮುಳ್ಳಿನ ಡುರಿಯನ್ ಹಣ್ಣು ಬಿದ್ದು ಕಾರಿನ ತಲೆ ಮರಿಗೆಯಂತೆ ತಗ್ಗಿಹೋಗಿತ್ತು. ವಿಮೆಯಲ್ಲಿ ಮಾಡಿಸಿ ಎಂದಳು ರುಕಿಯಾ. "ಕೇಳಿದ್ರೆ ಐವತ್ತೈದು ಹೋಗುತ್ತೆ ಕಣೇ, ನಿಂಗೇನ್ ಗೊತ್ತು!" ಎಂದು ಗದರಿಸಿ, ತಾನೇ ಒಳಗೆ ಮಲಗಿಕೊಂಡು ಮರದ ಸುತ್ತಿಗೆಯಿಂದ ಇಡೀ ಮಧ್ಯಾಹ್ನ ತಟ್ಟಿದ್ದ. ಹೆಂಡತಿಯನ್ನು ಅಷ್ಟು ಜೋಪಾನ ಮಾಡಿದ್ದನೋ ಇಲ್ಲವೋ, ಆ ಐವತ್ತೈದನ್ನಂತೂ ಮಾಡಿದ್ದ.

ಅವನು ತೀರಿಕೊಂಡು ನಲವತ್ತನೆಯ ದಿನದ ಪ್ರಾರ್ಥನೆ ಮುಗಿದಾಗ, ಪಾತ್ರೆ ತೊಳೆಯಲು ಕೂತ ಹೆಂಗಸರೇ ಅವಳಿಗೆ ಬುದ್ಧಿ ಹೇಳಿದ್ದು. "ಗಾಡಿ ಹೆಸ್ರು ಬದಲಾಯಿಸೋಕೆ ಹೋಗ್ಬೇಡ ರುಕಿಯಾ. ಐವತ್ತೈದು ಮಣ್ಣುಪಾಲಾಗುತ್ತೆ. ಎಪ್ಪತ್ತರ ಮುದುಕಿಗೆ ಹೊಸದಾಗಿ ಯಾವ ಕಂಪನಿಯವನು ಇನ್ಶೂರೆನ್ಸ್ ಕೊಡ್ತಾನೆ? ಕೊಟ್ರೂ ಎರಡರಷ್ಟು ಸುಲೀತಾನೆ. ಸುಮ್ನೆ ಇದ್ಬಿಡು. ನಾವೆಲ್ಲ ಏನ್ ಮಾಡಿದೀವಿ?"

ಸುಮ್ಮನಿದ್ದಳು. ಬಹಾರುಮನ ಫೋನನ್ನು ಕಟ್ ಮಾಡಿಸದೆ ಉಳಿಸಿಕೊಂಡಳು. ವಿಮೆಯ ಏಜೆಂಟ್ ಟಿಯೊ ಅನ್ನುವ ಚೀನೀ ಹುಡುಗ. ಬಹಾರುಮನ ಮುಖವನ್ನೇ ನೋಡಿದವನಲ್ಲ, ಅವನ ವ್ಯವಹಾರವೆಲ್ಲ ಫೋನಿನ ಮೆಸೇಜಿನಲ್ಲೇ. ವರ್ಷಕ್ಕೊಮ್ಮೆ ಕೇಳುತ್ತಿದ್ದ: ಸಾರ್, ನೆರೆ ನೀರಿಗೆ ಹಾನಿಯಾದರೆ ಅಂತ ಸೇರಿಸಲಾ? ಗಾಜು ಒಡೆದರೆ ಅಂತ ಸೇರಿಸಲಾ? ರುಕಿಯಾ ಕನ್ನಡಕ ಏರಿಸಿ, ಬಹಾರುಮ್ ಬರೆಯುತ್ತಿದ್ದ ಹಾಗೇ ಬಿರುಸಾಗಿ ಬರೆಯುತ್ತಿದ್ದಳು. ನೆರೆ ಬೇಡ. ಗಾಜು ಬೇಕು. ಕೊನೆಗೊಂದು ಪ್ರಶ್ನೆ ಬರುತ್ತಿತ್ತು: ಗಾಡಿ ಓಡಿಸುವವರಲ್ಲಿ ಹೆಂಡತಿಯ ಹೆಸರೂ ಇರಲಾ ಸಾರ್? ಅಲ್ಲಿ ಮಾತ್ರ ಅವಳ ಬೆರಳು ತುಸು ತಡೆಯುತ್ತಿತ್ತು. ಆಮೇಲೆ ಬರೆಯುತ್ತಿದ್ದಳು: ಇರಲಿ. ಲೈಸೆನ್ಸಿದ್ದರೂ ಬದುಕಿದ್ದಾಗ ಸ್ಟಿಯರಿಂಗ್ ಮುಟ್ಟಲು ಬಿಡದ ಗಂಡ ಸತ್ತ ಮೇಲೆ ವರ್ಷಕ್ಕೊಮ್ಮೆ ಅವಳಿಗೆ ಅನುಮತಿ ಕೊಡುತ್ತಿದ್ದ.

ಗಾಡಿಯ ಹುಚ್ಚೇನೂ ಅವಳಿಗಿರಲಿಲ್ಲ. ಇದೆಲ್ಲ ಸಪಿಯಾಳಿಗಾಗಿ. ಸಪಿಯಾ ಬಹಾರುಮನ ತಂಗಿ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಮುದುಕಿಯಾದವಳು. ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಬೆಳಿಗ್ಗೆ ಊರೊಳಗಿನ ಕೇಂದ್ರದಲ್ಲಿ ಮಶೀನಿಗೆ ಕೂತು ರಕ್ತ ತೊಳೆಸಿಕೊಳ್ಳಬೇಕು. ಬೆಟ್ಟದ ಬುಡದ ಅವರ ಓಣಿಗೆ ಬಸ್ಸಿಲ್ಲ. ಬಾಡಿಗೆ ಕಾರಿನವರು ಕತ್ತಲಿರುವಾಗ ಬರುವುದಾಗಿ ಹೇಳಿ ಬರುವುದಿಲ್ಲ. ಒಂದು ಸಲ ಹಾಗೆ ತಪ್ಪಿ, ಸಪಿಯಾಳ ಮೈಯೆಲ್ಲ ಊದಿ, ಉಸಿರು ಸಿಗದೆ ಅವಳ ತುಟಿ ನೀಲಿಯಾದದ್ದನ್ನು ರುಕಿಯಾ ಕಣ್ಣಾರೆ ನೋಡಿದ್ದಳು. ಗಾಡಿ ಇಲ್ಲದಿದ್ದರೆ ಮಶೀನಿಲ್ಲ, ಮಶೀನಿಲ್ಲದಿದ್ದರೆ ಸಪಿಯಾ ಇಲ್ಲ. ಲೆಕ್ಕ ಇಷ್ಟೇ.

ಅವತ್ತೂ ಸಪಿಯಾಳನ್ನು ಮಶೀನಿಗೆ ಕೂರಿಸಿ ತರಕಾರಿ ಕೊಳ್ಳಲೆಂದು ಮಾರುಕಟ್ಟೆಯ ಸಂದಿಗೆ ಎಡಕ್ಕೆ ತಿರುಗಿದ್ದಳು. ಧಡ್ ಅಂದಿತು, ಅಷ್ಟೇ ಗೊತ್ತು.

ಮಧ್ಯಾಹ್ನ ಜೋತುಬಿದ್ದ ಬಂಪರನ್ನು ಹಗ್ಗದಲ್ಲಿ ಕಟ್ಟಿಕೊಂಡು ಸಪಿಯಾಳನ್ನು ಕರೆತರಲು ಹೋದಾಗ, ಕೇಂದ್ರದ ಬಾಗಿಲಲ್ಲಿ ಕೂತಿದ್ದ ಸಪಿಯಾ ಕಾರನ್ನೊಮ್ಮೆ, ಅತ್ತಿಗೆಯ ಮುಖವನ್ನೊಮ್ಮೆ ನೋಡಿದಳು.

"ಯಾರಿಗ್ ಗುದ್ದಿದೆ?"

"ಹತ್ತು ಮೊದ್ಲು. ದಾರೀಲಿ ಹೇಳ್ತೀನಿ."

ಹೇಳಿದಳು. ಎದುರಿಗೆ ಬರುವ ಪ್ರತಿಯೊಂದು ಬೈಕಿಗೂ ರುಕಿಯಾಳ ಎದೆ ಧಸಕ್ಕೆನ್ನುತ್ತಿತ್ತು. ಎತ್ತಿನ ಗಾಡಿಯೂ ನಾಚುವಷ್ಟು ನಿಧಾನ ಓಡಿಸುತ್ತಿದ್ದಳು, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಬಳಸಿಕೊಂಡು ಹೋದರು.

"ಅಣ್ಣನ್ನ ಠಾಣೆಗೆ ಕರ್ಕೊಂಡ್ ಬರ್ತೀನಿ ಅಂದ್ಯಾ?" ಎಂದಳು ಸಪಿಯಾ. "ಹೆಂಗ್ ಕರ್ಕೊಂಡ್ ಬರ್ತೀಯ, ಗುದ್ಲಿ ತಗೊಂಡ್ ಹೋಗ್ತೀಯ?"

"ತಮಾಷೆ ಮಾಡ್ಬೇಡ ಸಪಿಯಾ, ನನ್ ಜೀವ ಹೋಗ್ತಿದೆ."

"ಬದುಕಿದ್ದಾಗ ಒಂದು ಬಲ್ಬ್ ಬದಲಾಯಿಸ್ತಿರ್ಲಿಲ್ಲ. ಸತ್ತ ಮೇಲೆ ನೋಡು, ವರ್ಷ ವರ್ಷ ಎಷ್ಟು ಕೆಲ್ಸ ಮಾಡ್ತಾನೆ." ಸಪಿಯಾ ನಗಲು ನೋಡಿದಳು, ಆಗಲಿಲ್ಲ. ಪಟ್ಟಿ ಕಟ್ಟಿದ ತನ್ನ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅತ್ತಿಗೆ, ಗಾಡಿ ಕಿತ್ಕೊತಾರಾ?"

ರುಕಿಯಾ ಗಾಡಿಯನ್ನು ಓಣಿಗೆ ತಿರುಗಿಸಿದಳು.

ಮನೆಗೆ ಬಂದು ಸಪಿಯಾಳನ್ನು ಕೋಣೆಯಲ್ಲಿ ಮಲಗಿಸಿ, ಫ್ಯಾನು ಹಾಕಿ, ಬಾಗಿಲೆಳೆದುಕೊಂಡು ಬಂದಳೋ ಇಲ್ಲವೋ, ಬಹಾರುಮನ ಫೋನು ಹೊಡೆದುಕೊಳ್ಳತೊಡಗಿತು. ಟಿಯೊ. ಅಪಘಾತದ ವಿಷಯ ದಾರಿಯಲ್ಲೇ ಮೆಸೇಜು ಮಾಡಿದ್ದು ತಪ್ಪಾಯಿತೆಂದು ಈಗ ಹೊಳೆಯಿತು. ಮೆಸೇಜಾದರೆ ಸತ್ತವನ ಹೆಸರಿನಲ್ಲಿ ಬರೆಯಬಹುದು, ಸತ್ತವನ ದನಿಯಲ್ಲಿ ಮಾತಾಡುವುದು ಹೇಗೆ? ಫೋನು ನಿಂತಿತು. ಮತ್ತೆ ಹೊಡೆಯಿತು. ಮೂರನೆಯ ಸಲಕ್ಕೆ ಎತ್ತಿದಳು.

"ಸಾರ್ ಇದಾರಾ ಆಂಟಿ?"

"ಅವ್ರು... ಸ್ನಾನಕ್ಕೆ ಹೋಗಿದಾರಪ್ಪಾ."

"ಹೆದರ್ಬೇಡಿ ಅಂತ ಹೇಳಿ ಆಂಟಿ. ಹುಡುಗನ ಕಾಲಿಗೆ ಏನಾಗಿದೆಯೋ ಅದನ್ನ ಕಂಪನಿ ನೋಡ್ಕೊಳ್ಳುತ್ತೆ, ಅದಕ್ಕೇ ಅಲ್ವಾ ಇನ್ಶೂರೆನ್ಸ್ ಮಾಡ್ಸೋದು? ಕಂಪನಿ ಕಡೆಯೋರು ಒಬ್ರು ಬಂದು ಸಾರ್ ಹತ್ರ ಮಾತಾಡ್ತಾರೆ. ಸಾರ್ ಅವ್ರೆದುರಿಗೆ ಒಂದು ಸೈನ್ ಹಾಕಿದ್ರೆ ಆಯ್ತು."

"ಎದುರಿಗೇ ಹಾಕ್ಬೇಕಾ?"

"ಹೂಂ ಆಂಟಿ, ಎದುರಿಗೇ. ಈಚೆಗೆ ಮೋಸ ಜಾಸ್ತಿ ಆಗಿದೆ ನೋಡಿ. ಸತ್ತೋರ್ ಹೆಸ್ರಲ್ಲೆಲ್ಲಾ ಇನ್ಶೂರೆನ್ಸ್ ಕಟ್ತಾರೆ! ಅಂಥದ್ದು ಸಿಕ್ಬಿದ್ರೆ ಕಂಪನಿಯೋರು ಒಂದು ಕಾಸೂ ಕೊಡಲ್ಲ ಅಂತ ಕೂತ್ಕೊತಾರೆ. ಮೇಲಿಂದ ಕೇಸು ಬೇರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರುಕಿಯಾಳ ಕೈ ನಿಜಕ್ಕೂ ಹೆಗಲಿನ ಮೇಲಿತ್ತು. ಫೋನಿಟ್ಟವಳು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಇಷ್ಟು ದಿನ ತಾನು ಓಡಿಸಿದ್ದು ವಿಮೆಯಿಲ್ಲದ ಗಾಡಿ. ಕಟ್ಟಿದ ಕಂತೆಲ್ಲ ನೀರಲ್ಲಿ ಹೋಮ. ನಾಳೆ ಠಾಣೆಯಲ್ಲಿ ಯಜಮಾನ್ರೆಲ್ಲಿ ಎಂದು ಕೇಳುತ್ತಾರೆ. ಗೋರಿಯಲ್ಲಿ ಎನ್ನಬೇಕು. ಹಾಗಾದರೆ ಈ ವರ್ಷ ಅನುಮತಿ ಕೊಟ್ಟವರು ಯಾರು ಎನ್ನುತ್ತಾರೆ. ಗಾಡಿ ಹೋಗುತ್ತದೆ, ಲೈಸೆನ್ಸು ಹೋಗುತ್ತದೆ. ನಾಡಿದ್ದು ಸಪಿಯಾಳ ಮಶೀನಿನ ದಿನ.

ಮತ್ತೆ ಆ ಹುಡುಗ? ಆ ಹುಡುಗನ ಕಾಲು?

ಅವನೇ ಎಡಗಡೆಯಿಂದ ನುಗ್ಗಿದ, ಈ ಬೈಕಿನವರೆಲ್ಲ ಹಾಗೆಯೇ, ಎಂದು ಅವಳು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪೊಲೀಸಿನವನಿಗೂ ಅದನ್ನೇ ಹೇಳಿದ್ದಳು. ಸಿಗ್ನಲ್ ಹಾಕಿದ್ರಾ ಎಂದು ಅವನು ಕೇಳಿದಾಗ ಹಾಕಿದ್ದೆ ಅಂದಿದ್ದಳು. ಹಾಕಿದ್ದೂ ನಿಜ, ಕಡ್ಡಿಯನ್ನು ಒತ್ತಿದ ನೆನಪು ಬೆರಳಲ್ಲಿ ಇನ್ನೂ ಇತ್ತು. ಈಗ ಅಡುಗೆಮನೆಯ ನೆಲದ ಮೇಲೆ ಕೂತವಳಿಗೆ ಒಣ ಗಾಜಿನ ಮೇಲೆ ಕರ್ ಕರ್ ಎಂದು ಉಜ್ಜುತ್ತಿದ್ದ ವೈಪರಿನ ಸದ್ದು ಕೇಳಿಸಿತು. ಬಿಸಿಲಲ್ಲಿ ವೈಪರ್ ಯಾಕೆ ಓಡುತ್ತಿತ್ತು?

ಯಾ ಅಲ್ಲಾ, ಎಂದಳು. ಸ್ಟಿಯರಿಂಗಿನ ಬಲಗಡೆಯ ಸಿಗ್ನಲ್ ಕಡ್ಡಿಯ ಬದಲು ಎಡಗಡೆಯ ವೈಪರಿನದನ್ನು ಒತ್ತಿದ್ದಳು. ಹುಡುಗನಿಗೆ ಅವಳು ತಿರುಗುವ ಸುಳಿವೇ ಸಿಕ್ಕಿರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದಾಗ ಹೊರಗೆ ಯಾರೋ ಸಲಾಂ ಹೇಳಿದರು. ಹೆಣ್ಣಿನ ದನಿ. ಕಿಟಕಿಯಿಂದ ನೋಡಿದಳು. ಐವತ್ತರ ಆಚೀಚೆಯ ಹೆಂಗಸು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖ ಅತ್ತು ಅತ್ತು ಊದಿಕೊಂಡಿತ್ತು. ಅವಳ ಕಣ್ಣು ಮೆಟ್ಟಿಲ ಬಳಿ ಇಟ್ಟಿದ್ದ ಗಂಡಸಿನ ಚಪ್ಪಲಿಗಳ ಮೇಲಿತ್ತು. ಹೆಂಗಸರೇ ಇರುವ ಮನೆಯ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇರಬೇಕು, ಕಳ್ಳರು ಹೆದರುತ್ತಾರೆ ಅಂತ ರುಕಿಯಾ ಅವನ್ನು ತೆಗೆದಿರಲಿಲ್ಲ, ವಾರಕ್ಕೊಮ್ಮೆ ಧೂಳು ಸಹ ಒರೆಸುತ್ತಿದ್ದಳು.

"ಪಾಕ್ ಹಾಜಿ ಬಹಾರುಮ್ ಅವ್ರ ಮನೆ ಇದೇ ಅಲ್ವಾ ಅಕ್ಕಾ? ಪೊಲೀಸಿನವನು ವಿಳಾಸ ಹೇಳ್ದ. ನಾನು ಜಲೀಹಾ. ಬೆಳಿಗ್ಗೆ ಬಿದ್ದ ಹುಡುಗ, ಹೈಕಲ್, ಅವನ ತಾಯಿ."

ಬಂತು, ಎಂದುಕೊಂಡಳು ರುಕಿಯಾ. ಹೊಡೆಯಲು ಬಂದಳು, ಬಯ್ಯಲು ಬಂದಳು. ಹುಡುಗ ಹೋಗಿಬಿಟ್ಟನೋ ಏನೋ. ಬಾಗಿಲ ಚಿಲಕ ತೆಗೆದಳು. "ಹುಡುಗ?" ಎಂದಳು, ಅಷ್ಟೇ.

"ಇದಾನೆ. ಕಾಲಿಗೆ ಕಬ್ಬಿಣದ ಪಟ್ಟಿ ಹಾಕ್ಬೇಕಂತೆ. ಆರು ತಿಂಗಳು ನೆಲಕ್ಕೆ ಊರೋ ಹಾಗಿಲ್ಲ." ಜಲೀಹಾ ಒಳಗೆ ಬಂದು ನೆಲದ ಮೇಲೇ ಕೂತಳು, ಕುರ್ಚಿ ತೋರಿಸಿದರೂ ಏರಲಿಲ್ಲ. "ಅಕ್ಕಾ, ಪಾಕ್ ಹಾಜಿ ಹತ್ರ ಒಂದು ಮಾತಾಡ್ಬೇಕಿತ್ತು."

"ಮಲಗಿದಾರೆ. ಮೈ ಹುಷಾರಿಲ್ಲ."

ಅದೇ ಹೊತ್ತಿಗೆ ಮುಚ್ಚಿದ ಬಾಗಿಲ ಹಿಂದಿನಿಂದ ಸಪಿಯಾ ಕೆಮ್ಮಿದಳು. ಅವಳ ಕೆಮ್ಮೂ ಅವಳ ಮಾತಿನ ಹಾಗೆಯೇ, ಒರಟು. ಜಲೀಹಾ ತಟ್ಟನೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಆ ಬಾಗಿಲ ಕಡೆಗೆ ತಿರುಗಿ ಕೂತಳು. ರುಕಿಯಾ ಬೇಡ ಎನ್ನುವ ಮೊದಲೇ ಬಾಗಿಲಿಗೇ ಮಾತು ಶುರುಮಾಡಿಬಿಟ್ಟಳು.

"ಪಾಕ್ ಹಾಜಿ, ಏಳ್ಬೇಡಿ, ಮಲಗೇ ಕೇಳಿ. ತಪ್ಪು ನಮ್ಮ ಹುಡುಗಂದು. ಅವನೇ ನುಗ್ಗಿದ. ನೀವು ದೊಡ್ಡ ಮನಸ್ಸು ಮಾಡಿ ಕ್ಷಮಿಸ್ಬೇಕು. ನಾಳೆ ಠಾಣೆಗೆ ಹೋಗ್ಬೇಡಿ. ಆಸ್ಪತ್ರೆ ಖರ್ಚು, ನಿಮ್ಮ ದೀಪದ ಖರ್ಚು, ಎಲ್ಲಾ ನಮ್ಮ ಹಣೇಬರಹ, ನಾವೇ ನೋಡ್ಕೊತೀವಿ. ಪೊಲೀಸು, ಇನ್ಶೂರೆನ್ಸು ಏನೂ ಬೇಡ."

ರುಕಿಯಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಯಾಕೆ?" ಎಂದಳು.

ಜಲೀಹಾ ತಲೆ ತಗ್ಗಿಸಿದಳು. "ಆ ಬೈಕು ನಮ್ಮವ್ರ ಹೆಸ್ರಲ್ಲಿದೆ ಅಕ್ಕಾ. ಅವ್ರು ಹೋಗಿ ಎರಡು ವರ್ಷ ಆಯ್ತು. ರಿಯಾಯ್ತಿ ಹೋಗುತ್ತೆ ಅಂತ ಹೆಸ್ರು ಬದಲಾಯಿಸ್ಲಿಲ್ಲ. ಇವತ್ತು ಆಸ್ಪತ್ರೇಲಿ ಪೊಲೀಸಿನವನು ಬೈಕ್ ಯಜಮಾನ ಎಲ್ಲಿ ಅಂದ. ಜೊಹೋರ್‌ನಲ್ಲಿ ಕೆಲ್ಸಕ್ಕೆ ಹೋಗಿದಾರೆ ಅಂದ್ಬಿಟ್ಟೆ. ನಾಳೆ ಕರ್ಸು ಅಂತಾನೆ. ಎಲ್ಲಿಂದ ಕರ್ಸ್ಲಿ? ನನ್ನ ಮಗ ಕಾಲು ಮುರ್ಕೊಂಡು ಬಿದ್ದಿದಾನೆ, ನಾನು ಜೈಲಿಗೆ ಹೋದ್ರೆ ಅವನಿಗೆ ನೀರು ಕೊಡೋರಿಲ್ಲ." ಅವಳು ಮತ್ತೆ ಬಾಗಿಲಿಗೆ ತಿರುಗಿ ಕೈಮುಗಿದಳು. "ಪಾಕ್ ಹಾಜಿ, ನೀವು ಹೂಂ ಅಂದ್ರೆ ಎಲ್ಲಾ ಇಲ್ಲಿಗೇ ಮುಗಿಯುತ್ತೆ."

ಒಳಗಿನಿಂದ ಕೆಮ್ಮೂ ಬರಲಿಲ್ಲ.

ಮುಗಿಯುತ್ತದೆ. ಹೌದು, ಹೂಂ ಅಂದರೆ ಎಲ್ಲ ಮುಗಿಯುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಗಾಡಿ ಉಳಿಯಿತು, ಸಪಿಯಾ ಉಳಿದಳು, ಐವತ್ತೈದೂ ಉಳಿಯಿತು. ದೇವರೇ ಈ ಹೆಂಗಸನ್ನು ಬಾಳೆಹಣ್ಣು ಕೊಟ್ಟು ಕಳಿಸಿದ್ದಾನೆ. ರುಕಿಯಾ ಗೋಡೆ ಹಿಡಿದು ಎದ್ದಳು. "ಇರು, ಅವ್ರನ್ನ ಕೇಳ್ಕೊಂಡ್ ಬರ್ತೀನಿ," ಎಂದು ಹೇಳಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಪಿಯಾ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ಕಣ್ಣೇ ಹೇಳುತ್ತಿತ್ತು. ರುಕಿಯಾ ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ತಪ್ಪು ಹುಡುಗಂದಲ್ಲ ಕಣೇ. ನಂದು. ಸಿಗ್ನಲ್ ಅಂತ ವೈಪರ್ ಹಾಕಿದೀನಿ."

"ಅವಳಿಗ್ ಗೊತ್ತಾ?"

"ಇಲ್ಲ."

ಸಪಿಯಾಳ ಮೊನಚು ನಾಲಿಗೆ ಎಲ್ಲಿ ಹೋಯಿತೋ. ಅತ್ತಿಗೆಯ ಮಣಿಕಟ್ಟು ಹಿಡಿದುಕೊಂಡಳು. "ನಾನು ದೊಡ್ಡ ಮಾತು ಆಡಲ್ಲ ಅತ್ತಿಗೆ. ನಂಗೆ ಸಾಯೋಕೆ ಭಯ. ಆವತ್ತು ಉಸಿರು ಸಿಗದೆ ಬಿದ್ದಿದ್ನಲ್ಲ, ಅಂಥ ಭಯ ಶತ್ರುಗೂ ಬೇಡ. ಕ್ಷಮಿಸಿದಾರೆ ಅಂತ ಹೇಳಿ ಕಳ್ಸಿಬಿಡು. ಅಲ್ಲಾ ಹತ್ರ ನಾನು ಮಾತಾಡ್ಕೊತೀನಿ."

ರುಕಿಯಾ ತಲೆಯಾಡಿಸಿದಳು. ಹೊರಗೆ ಹೋಗಿ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಂಡಳು. ಕ್ಷಮಿಸಿದಾರೆ ಹೋಗು. ಎರಡೇ ಮಾತು. ಬಾಗಿಲು ತೆರೆದು ಬಂದಳು, ಕದ ಅರೆ ತೆರೆದೇ ಉಳಿಯಿತು.

ಅವಳ ಮುಖ ನೋಡಿಯೇ ಜಲೀಹಾಗೆ ಉತ್ತರ ಸಿಕ್ಕಿತೆನಿಸಿರಬೇಕು. ಎದ್ದು ಬಂದು ರುಕಿಯಾಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿರಿಯರು ಹಿರಿಯರಿಗೆ ಮಾಡುವಂತೆ ಬಗ್ಗಿ ಮುತ್ತಿಟ್ಟು ಹಣೆಗೊತ್ತಿಕೊಂಡಳು. "ನಮ್ಮ ಹುಡುಗನ ತಪ್ಪನ್ನ ಹೊಟ್ಟೇಲಿ ಹಾಕ್ಕೊಂಡ್ರಲ್ಲ ಅಕ್ಕಾ, ನಿಮ್ಮ ಕೈಗೆ ಒಳ್ಳೇದಾಗ್ಲಿ," ಎಂದಳು. ಅವಳ ಕಣ್ಣೀರು ಆ ಕೈಯ ಮೇಲೆ ಬಿತ್ತು. ಬೆಳಿಗ್ಗೆ ತಪ್ಪು ಕಡ್ಡಿ ಒತ್ತಿದ ಎಡಗೈ ಪಕ್ಕದಲ್ಲೇ ನೇತಾಡುತ್ತಿತ್ತು.

ಬಾಯಲ್ಲಿದ್ದ ಎರಡು ಮಾತು ಬಿಸಿ ತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು. ರುಕಿಯಾ ಕೈ ಎಳೆದುಕೊಂಡಳು.

"ಅವ್ರು ಇಲ್ಲ," ಎಂದಳು.

"ಏನಕ್ಕಾ?"

"ನಮ್ಮೋರು ಇಲ್ಲ. ಸತ್ತೋಗಿದಾರೆ. ನಾಲ್ಕು ವರ್ಷ ಆಯ್ತು." ಒಂದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದಳು. "ಗಾಡಿ ಅವ್ರ ಹೆಸ್ರಲ್ಲೇ ಇದೆ. ನಿನ್ ಹಂಗೇ ನಾನೂ. ತಪ್ಪು ನಿನ್ನ ಮಗಂದಲ್ಲ ಜಲೀಹಾ, ನಂದು. ನಾನು ಸಿಗ್ನಲ್ ಹಾಕ್ಲಿಲ್ಲ. ಪೊಲೀಸಿಗೆ ಸುಳ್ಳು ಹೇಳಿದೆ."

ಜಲೀಹಾ ಮೆಟ್ಟಿಲ ಬಳಿಯ ಚಪ್ಪಲಿಗಳನ್ನು ನೋಡಿದಳು, ಅರೆತೆರೆದ ಬಾಗಿಲನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ... ಕೆಮ್ಮಿದ್ದು ಯಾರು?"

"ನಾನಮ್ಮಾ, ನಾನು!" ಎಂದು ಒಳಗಿನಿಂದ ಸಪಿಯಾ ಅಳುವ ದನಿಯಲ್ಲಿ ಕೂಗಿದಳು. "ದೆವ್ವ ಅಂದ್ಕೊಬೇಡ!"

ನಗಬೇಕಿತ್ತು, ಯಾರೂ ನಗಲಿಲ್ಲ. ಜಲೀಹಾ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಿಟ್ಟುಬಿಟ್ಟು ಅಳುತ್ತ ರುಕಿಯಾಳನ್ನು ಬೈದಳು ಕೂಡ. ನಿನ್ನ ಕಣ್ಣೆಲ್ಲಿತ್ತು, ನನ್ನ ಮಗನ ಕಾಲು, ಈ ವಯಸ್ಸಲ್ಲಿ ನಿನಗ್ಯಾಕೆ ಗಾಡಿ, ಎಂದೆಲ್ಲ. ರುಕಿಯಾ ಎಲ್ಲಕ್ಕೂ ಹೂಂ ಎಂದಳು. ಬೈದು ಮುಗಿದ ಮೇಲೆ ಜಲೀಹಾ, "ಈಗೇನ್ ಮಾಡೋದು?" ಎಂದು ಕೇಳಿದಳು. ಮಗುವಿನ ಹಾಗೆ ಕೇಳಿದಳು.

"ಇಬ್ರೂ ಹೋಗೋಣ," ಎಂದಳು ರುಕಿಯಾ.

ಧೈರ್ಯ ಇರುವಾಗಲೇ ಆಗಲಿ ಎಂದು ಬಹಾರುಮನ ಫೋನೆತ್ತಿ ಟಿಯೊನಿಗೂ ಹೇಳಿದಳು. ಸತ್ತ ಗಂಡನ ಫೋನಿನಲ್ಲಿ ಮೊದಲ ಸಲ ತನ್ನ ಹೆಸರು ಹೇಳಿ ಮಾತಾಡಿದಳು.

"ಆಂಟಿ," ಎಂದ ಟಿಯೊ. "ಗಂಡ ಹೋದ್ರೆ ಆ ರಿಯಾಯ್ತೀನ ಹೆಂಡ್ತಿ ಹೆಸ್ರಿಗೆ ಹಾಕ್ಕೊಡೋ ಕಂಪನಿಗಳಿವೆ. ಅವತ್ತೇ ಒಂದು ಮಾತು ಹೇಳಿದ್ರೆ ನಾನೇ ಓಡಾಡಿ ಮಾಡಿಸ್ತಿದ್ದೆ. ನೀವು ಸಾರ್ ಹೋದ್ರು ಅಂತ ಹೇಳ್ಬೇಕಿತ್ತು, ಅಷ್ಟೇ."

"ಈಗ?"

"ಈಗಿಂದು ನಂಗೊತ್ತಿಲ್ಲ ಆಂಟಿ. ಕಂಪನಿ ಏನನ್ನುತ್ತೋ, ಕೋರ್ಟ್ ಏನನ್ನುತ್ತೋ. ಸುಳ್ಳು ಧೈರ್ಯ ಹೇಳಲ್ಲ."

ಮರುದಿನ ಪಕ್ಕದ ಮನೆಯವನ ತರಕಾರಿ ವ್ಯಾನಿನಲ್ಲಿ ಠಾಣೆಗೆ ಹೋದರು. ಸಪಿಯಾಳೂ ಹಟ ಮಾಡಿ ಬಂದು ಎಲೆಕೋಸಿನ ಬುಟ್ಟಿಯ ಪಕ್ಕ ಕೂತಳು. ನೀಲಿ ಸಾಗಾ ಅಂಗಳದಲ್ಲೇ ಉಳಿಯಿತು. ಠಾಣೆಯ ಮೆಟ್ಟಿಲು ಹತ್ತುವಾಗ ರುಕಿಯಾ ಕಂಬ ಹಿಡಿದು ನಿಂತಳು. ಓಡಿಹೋಗಬೇಕೆನಿಸಿತು. ಜಲೀಹಾಳ ಕೈ ಅವಳ ತೋಳಿನ ಕೆಳಗೆ ಬಂತು. ಅದು ಆಸರೆಗೋ, ಓಡಿಹೋಗದಂತೆ ಹಿಡಿದದ್ದೋ ತಿಳಿಯಲಿಲ್ಲ.

ನಿನ್ನೆಯ ಪೊಲೀಸಿನವನೇ ಮೇಜಿನ ಹಿಂದಿದ್ದ. ಮೂವರು ಹೆಂಗಸರನ್ನೂ ನೋಡಿ, ಅವರ ಹಿಂದೆ ಬಾಗಿಲ ಕಡೆ ನೋಡಿದ.

"ಎಲ್ಲಿ ಮಕ್ ಚಿಕ್, ಯಜಮಾನ್ರು?"

"ತೀರ್ಕೊಂಡಿದಾರೆ," ಎಂದಳು ರುಕಿಯಾ.

"ನಿನ್ನೆ ಮನೇಲಿದಾರೆ ಅಂದ್ರಿ!"

"ನಿನ್ನೆಗೂ ಮೊದ್ಲೇ ತೀರ್ಕೊಂಡಿದ್ರು."

ಅವನು ಜಲೀಹಾಳ ಕಡೆ ತಿರುಗಿದ. "ನಿಮ್ಮೋರು ಜೊಹೋರ್‌ನಿಂದ ಬಂದ್ರಾ?"

"ಇಲ್ಲ ಸಾರ್," ಎಂದಳು ಜಲೀಹಾ. "ನಮ್ಮೋರೂ ಇಲ್ಲ."

ಪೊಲೀಸಿನವನು ಪೆನ್ನು ಕೆಳಗಿಟ್ಟ. ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಂಗಾದ್ರೆ ಏನ್ ಬರ್ಕೊಳ್ಲಿ ನಾನು? ಸತ್ತೋರಿಬ್ರು ಮಾರ್ಕೆಟ್ ಹತ್ರ ಡಿಕ್ಕಿ ಹೊಡ್ಕೊಂಡ್ರು ಅಂತ ಬರೀಲಾ?"

ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. ರುಕಿಯಾ ಒಮ್ಮೆ ಹಿಂತಿರುಗಿ ನೋಡಿದಳು. ಬೆಂಚಿನ ಮೇಲೆ ಸಪಿಯಾ ಪಟ್ಟಿ ಕಟ್ಟಿದ ತೋಳನ್ನು ತಬ್ಬಿಕೊಂಡು, ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ನಾಳೆ ಮಶೀನಿನ ದಿನ. ಅವಳಿಗೆ ಎಷ್ಟು ಭಯವಾಗಿತ್ತೋ ರುಕಿಯಾಗೂ ಅಷ್ಟೇ ಭಯವಾಗಿತ್ತು. ಅವಳು ಚೀಲಕ್ಕೆ ಕೈಹಾಕಿ ಕಾರಿನ ಕೀಲಿಯನ್ನೂ ತನ್ನ ಲೈಸೆನ್ಸನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲ ಮಗಾ," ಎಂದಳು. "ಓಡಿಸ್ತಿದ್ದೋಳು ಬದುಕಿದಾಳೆ. ರುಕಿಯಾ, ವಯಸ್ಸು ಎಪ್ಪತ್ತಮೂರು. ಸಿಗ್ನಲ್ ಹಾಕಿರ್ಲಿಲ್ಲ. ನನ್ನ ಹೆಸ್ರು ಬರ್ಕೋ."